ಗಟ್ಟಿ ಸ್ಟೀಲ್ ಇದ್ದರೆ ಸಾಕಾ? ಕಾರಿನ ಬೆಸುಗೆ ಚುಕ್ಕಿಗಳ ಒಳಗುಟ್ಟು

2023ರಲ್ಲಿ ಭಾರತ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್ ಶುರುವಾದ ಮೇಲೆ ನಾವೆಲ್ಲ ಸ್ಟಾರ್ ಎಣಿಸಿ ಕಾರು ನೋಡ್ತಿದೀವಿ. ಜಾಹೀರಾತಲ್ಲೂ "ಹೈ ಸ್ಟ್ರೆಂತ್ ಸ್ಟೀಲ್ ಬಾಡಿ" ಅನ್ನೋ ಮಾತು ಜೋರಾಗಿದೆ. ಆದರೆ ಶೀಟ್ ಗಟ್ಟಿ ಇದ್ದ ಮಾತ್ರಕ್ಕೆ ಬಾಡಿ ಗಟ್ಟಿ ಆಗಿಬಿಡುತ್ತಾ? ಆ ಶೀಟ್‌ಗಳನ್ನು ಹಿಡಿದಿಟ್ಟಿರೋ ಬೆಸುಗೆ ಬಗ್ಗೆ ಇವತ್ತು ಮಾತಾಡೋಣ.

ಕಾರಿನ ಬಾಗಿಲು ತೆಗೆದು, ಅಂಚಿನ ರಬ್ಬರ್ ಬೀಡಿಂಗ್ ಸ್ವಲ್ಪ ಸರಿಸಿ ನೋಡಿ. ಸಾಲಾಗಿ ದುಂಡಗಿನ ಸಣ್ಣ ತಗ್ಗುಗಳು ಕಾಣುತ್ತವೆ. ಅವೇ ಸ್ಪಾಟ್ ವೆಲ್ಡ್. ಒಂದು ಕಾರಿನಲ್ಲಿ ಇಂಥವು ಸಾವಿರಾರು ಇರುತ್ತವೆ. ಎರಡು ಶೀಟ್‌ಗಳನ್ನು ತಾಮ್ರದ ಎಲೆಕ್ಟ್ರೋಡ್‌ಗಳ ನಡುವೆ ಒತ್ತಿ ಹಿಡಿದು, ಕ್ಷಣಮಾತ್ರ ಸಾವಿರಾರು ಆಂಪಿಯರ್ ಕರೆಂಟ್ ಹರಿಸ್ತಾರೆ. ಶೀಟ್‌ಗಳು ಸೇರೋ ಜಾಗದಲ್ಲಿ ಸ್ಟೀಲ್ ಕರಗಿ, ಮತ್ತೆ ಗಟ್ಟಿಯಾಗಿ ಒಂದು ಪುಟ್ಟ ಬಿಲ್ಲೆ ಆಗುತ್ತೆ. ಅದರ ಹೆಸರು ನಗೆಟ್. 1 ಮಿಲಿಮೀಟರ್ ದಪ್ಪದ ಶೀಟ್‌ಗೆ ಸುಮಾರು 4ರಿಂದ 5 ಮಿಲಿಮೀಟರ್ ಅಗಲದ ನಗೆಟ್ ಬೇಕು.

ಈಗ ಸ್ಟೀಲ್ ಒಳಗೆ ಇಣುಕೋಣ. ಬೆಲ್ಲದ ಪಾಕ ಗೊತ್ತಲ್ಲ? ಬೆಲ್ಲ ಅದೇ, ನೀರು ಅದೇ. ಹದ ಬದಲಾದರೆ ಒಮ್ಮೆ ಮೆತ್ತಗೆ, ಇನ್ನೊಮ್ಮೆ ಕಲ್ಲು. ಸ್ಟೀಲೂ ಹಾಗೇ. ಎಷ್ಟು ಕಾಯಿತು, ಎಷ್ಟು ಬೇಗ ತಣಿಯಿತು ಅನ್ನೋದರ ಮೇಲೆ ಒಳಗಿನ ಹರಳುಗಳ ರಚನೆ ಬದಲಾಗುತ್ತೆ. ಇದನ್ನೇ ಮೈಕ್ರೋಸ್ಟ್ರಕ್ಚರ್ ಅಂತಾರೆ. ನಿಧಾನವಾಗಿ ತಣಿದರೆ ಮೆದುವಾದ ಫೆರೈಟ್ ಬರುತ್ತೆ. ಗಕ್ಕನೆ ತಣಿಸಿದರೆ ಕಾರ್ಬನ್ ಹೊರಬರೋಕಾಗದೆ ಹರಳಿನೊಳಗೇ ಸಿಕ್ಕಿಹಾಕಿಕೊಂಡು ಮಾರ್ಟೆನ್ಸೈಟ್ ಆಗುತ್ತೆ. ಅದು ಬಲು ಗಟ್ಟಿ. ಕಮ್ಮಾರರು ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದೋದು ಇದಕ್ಕೇ.

ಮುಂದಿನ ಮತ್ತು ಹಿಂದಿನ ಬಾಗಿಲ ನಡುವಿನ ಕಂಬವನ್ನು ಬಿ ಪಿಲ್ಲರ್ ಅಂತಾರೆ. ಪಕ್ಕದಿಂದ ಗುದ್ದಿದಾಗ ನಮ್ಮನ್ನು ಕಾಯೋದು ಅದೇ. ಹಲವು ಕಾರುಗಳಲ್ಲಿ ಅದು ಬೋರಾನ್ ಸ್ಟೀಲ್‌ದು. ಸುಮಾರು 900 ಡಿಗ್ರಿಗೆ ಕಾಯಿಸಿ, ತಣ್ಣನೆಯ ಅಚ್ಚಿನಲ್ಲಿ ಒತ್ತಿ ಅಲ್ಲೇ ತಣಿಸ್ತಾರೆ. ಪೂರ್ತಿ ಮಾರ್ಟೆನ್ಸೈಟ್, ಸುಮಾರು 1500 ಮೆಗಾಪ್ಯಾಸ್ಕಲ್ ಬಲ. ಮಾಮೂಲಿ ಸ್ಟೀಲ್‌ನದ್ದು 300ರ ಆಸುಪಾಸು.

ಇದಕ್ಕೆ ಸ್ಪಾಟ್ ವೆಲ್ಡ್ ಹಾಕಿದರೆ ಏನಾಗುತ್ತೆ? ನಡುವಿನ ನಗೆಟ್ ಕರಗಿ, ಗಕ್ಕನೆ ತಣಿದು ಮತ್ತೆ ಮಾರ್ಟೆನ್ಸೈಟ್ ಆಗುತ್ತೆ. ತೊಂದರೆ ಇರೋದು ಸುತ್ತಲಿನ ಉಂಗುರದಲ್ಲಿ. ಅಲ್ಲಿ ಶಾಖ 600–700 ಡಿಗ್ರಿ ಮುಟ್ಟಿ ನಿಲ್ಲುತ್ತೆ. ಸಿಕ್ಕಿಬಿದ್ದಿದ್ದ ಕಾರ್ಬನ್ ಹೊರಬಂದು, ಸ್ಟೀಲ್ ಮೆತ್ತಗಾಗುತ್ತೆ. ಒಳಗೂ ಗಟ್ಟಿ, ಹೊರಗೂ ಗಟ್ಟಿ, ನಡುವೆ ಕಿರಿದಾದ ಮೆದು ಉಂಗುರ. ಗುದ್ದಿದಾಗ ಎಳೆತವೆಲ್ಲ ಅಲ್ಲೇ ಒಟ್ಟುಗೂಡಿ, ಹರಿಯೋದೂ ಅಲ್ಲಿಂದಲೇ ಶುರುವಾಗಬಹುದು.

ಇನ್ನೊಂದು ತೊಡಕು ನಗೆಟ್‌ದು. ಕಾರ್ಬನ್ ಹೆಚ್ಚಿದ್ದರೆ ಅದು ಗಟ್ಟಿ ನಿಜ, ಆದರೆ ಪೆಡಸು. ಮಾಮೂಲಿ ಸ್ಟೀಲ್‌ನ ವೆಲ್ಡ್ ಕಿತ್ತರೆ, ಅಂಗಿ ಗುಂಡಿ ಬಟ್ಟೆ ಸಮೇತ ಕಿತ್ತು ಬಂದ ಹಾಗೆ ಸುತ್ತಲಿನ ಶೀಟ್ ಹರಿದುಕೊಂಡು ಬರುತ್ತೆ. ಹಾಗೆ ಹರಿಯುವಾಗ ಗುದ್ದಿನ ಶಕ್ತಿ ಖರ್ಚಾಗುತ್ತೆ. ಪೆಡಸು ನಗೆಟ್ ಆದರೆ ನಡುವೆಯೇ ಬಿರುಕು ಬಿಟ್ಟು ಪಟ್ಟಂತ ಎರಡು ಹೋಳಾಗಬಹುದು.

ಅದಕ್ಕೇ ಎರಡು ಥರ ಪರೀಕ್ಷೆ ಮಾಡ್ತಾರೆ. ಶೀಟ್‌ಗಳನ್ನು ಅಡ್ಡಡ್ಡ ಎಳೆದು ಜಾರಿಸಿದಾಗ, ಶೀಟ್ ಗಟ್ಟಿಯಾದಷ್ಟೂ ವೆಲ್ಡ್ ಬಲ ಸಾಮಾನ್ಯವಾಗಿ ಏರುತ್ತೆ. ಒಂದನ್ನೊಂದು ಮೇಲೆ ಕೆಳಗೆ ಎಳೆದು ಬಿಡಿಸಿದಾಗ, ಸುಮಾರು 800 ಮೆಗಾಪ್ಯಾಸ್ಕಲ್ ಶೀಟ್‌ವರೆಗೆ ಏರಿದ ಬಲ ಆಮೇಲೆ ಇಳಿಯೋಕೆ ಶುರುವಾಗುತ್ತೆ. ಅಂದ್ರೆ ದುಡ್ಡು ಕೊಟ್ಟು ಗಟ್ಟಿ ಶೀಟ್ ತಂದರೂ ಜೋಡಣೆ ಅದೇ ಲೆಕ್ಕದಲ್ಲಿ ಗಟ್ಟಿಯಾಗಲ್ಲ.

ಪರಿಹಾರ ಇಲ್ವಾ? ಇದೆ. ವೆಲ್ಡ್ ಆದಮೇಲೆ ಸ್ವಲ್ಪ ತಣಿಯೋಕೆ ಬಿಟ್ಟು, ಎರಡನೇ ಸಲ ಹಿತವಾಗಿ ಕರೆಂಟ್ ಕೊಟ್ಟರೆ ನಗೆಟ್‌ನ ಪೆಡಸುತನ ಕಡಿಮೆಯಾಗುತ್ತೆ. ಮೆದು ಉಂಗುರ ಮಾತ್ರ ಇದರಿಂದ ಹೋಗಲ್ಲ. ಹಾಗಾಗಿ ನಗೆಟ್ ಅಗಲ ಹೆಚ್ಚಿಸ್ತಾರೆ, ಜೊತೆಗೆ ಅಂಟು ಹಾಕ್ತಾರೆ, ಬಿಡಿಸೋ ಥರದ ಎಳೆತ ಬೀಳದ ಕಡೆ ಚುಕ್ಕಿ ಇಡ್ತಾರೆ.

ಇದೆಲ್ಲ ನಮಗ್ಯಾಕೆ ಅಂತೀರಾ? ಆಕ್ಸಿಡೆಂಟ್ ಆದ ಕಾರಿನ ಬಿ ಪಿಲ್ಲರ್‌ಗೆ ಗ್ಯಾಸ್ ಟಾರ್ಚ್ ಹಿಡಿದು, ಕಾಯಿಸಿ, ಬಡಿದು ನೆಟ್ಟಗೆ ಮಾಡಿದರೆ ಕಂಬಕ್ಕೆ ಕಂಬವೇ ಆ ಮೆದು ಉಂಗುರದ ಹಾಗಾಗಬಹುದು. ಮೇಲೆ ಪೇಂಟ್ ಬಳಿದರೆ ಕಣ್ಣಿಗೆ ಏನೂ ಕಾಣಲ್ಲ. ಹಾಗಾಗಿ ರಿಪೇರಿಗೆ ಬಿಟ್ಟಾಗ ಬಾಯಿಬಿಟ್ಟು ಕೇಳಿ: "ಪಿಲ್ಲರ್ ಬದಲಾಯಿಸ್ತೀರಾ, ಕಾಯಿಸಿ ನೆಟ್ಟಗೆ ಮಾಡ್ತೀರಾ? ಕಂಪನಿ ಮ್ಯಾನ್ಯುಯಲ್ ಏನು ಹೇಳುತ್ತೆ?" ಸೆಕೆಂಡ್ ಹ್ಯಾಂಡ್ ಕಾರು ನೋಡೋವಾಗಲೂ ಆ ರಬ್ಬರ್ ಬೀಡಿಂಗ್ ಸರಿಸಿ. ಒಂದು ಕಡೆ ಚುಕ್ಕಿಗಳ ಸಾಲಿದ್ದು, ಇನ್ನೊಂದು ಕಡೆ ಅದೇ ಜಾಗ ಪಟ್ಟಿ ಹಾಕಿದ ಹಾಗೆ ನುಣ್ಣಗಿದ್ದರೆ, ಅಡ್ವಾನ್ಸ್ ಕೊಡೋ ಮೊದಲು ಅಲ್ಲೇನಾಗಿತ್ತು ಅಂತ ವಿಚಾರಿಸಿ.

ಮುಂದಿನ ವಾರ ಸಿಗೋಣ. ಸೀಟ್ ಬೆಲ್ಟ್ ಹಾಕ್ಕೊಳ್ಳಿ.