ಆಡುಮಾತಿನ ಇಂಗ್ಲಿಷಿನಲ್ಲಿ ಕಿರುಪದಗಳ ಉಚ್ಚಾರಣೆ

ಇಂಗ್ಲಿಷ್ ಗ್ರಂಥಗಳನ್ನು ಸರಾಗವಾಗಿ ಓದಿ ಅರ್ಥಮಾಡಿಕೊಳ್ಳಬಲ್ಲ ಪದವಿ ವಿದ್ಯಾರ್ಥಿಯು, ಆ ಭಾಷೆಯನ್ನೇ ಇಂಗ್ಲೆಂಡಿನವರ ಬಾಯಿಂದ ಕೇಳಿದಾಗ ತಬ್ಬಿಬ್ಬಾಗುವುದುಂಟು. ಶಬ್ದಸಂಪತ್ತಿನ ಕೊರತೆಯೇ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಅನೇಕ ವೇಳೆ ಕಿವಿಗೆ ತಪ್ಪಿಹೋಗುವುವು ‘ಆಫ್’, ‘ಟು’, ‘ಕ್ಯಾನ್’, ‘ಅಂಡ್’ ಮುಂತಾದ, ಮೊದಲ ಪಾಠಗಳಲ್ಲಿಯೇ ಕಲಿತ ಕಿರುಪದಗಳು. ಈ ತೊಡಕಿನ ಮೂಲವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಬಹುದು.

ಇಂಗ್ಲಿಷ್ ವಾಕ್ಯದಲ್ಲಿ ನಾಮಪದ, ಮುಖ್ಯ ಕ್ರಿಯಾಪದ, ವಿಶೇಷಣಗಳ ಮೇಲೆ ಸಾಮಾನ್ಯವಾಗಿ ಆಘಾತ ಬೀಳುತ್ತದೆ. ಅವುಗಳ ನಡುವಣ ಸಂಬಂಧಸೂಚಕಗಳೂ ಸಹಾಯಕ ಕ್ರಿಯೆಗಳೂ ಆಘಾತವಿಲ್ಲದೆ ಕುಗ್ಗುತ್ತವೆ. ಅವುಗಳ ಸ್ವರವು ಬಹುಮಟ್ಟಿಗೆ ನಮ್ಮ ಹ್ರಸ್ವ ಅಕಾರಕ್ಕೆ ಸಮೀಪವಾದ ಕ್ಷೀಣಧ್ವನಿಯಾಗುತ್ತದೆ. ‘ಕ್ಯಾನ್’ ಎಂಬುದು ‘ಕನ್’ ಆಗುತ್ತದೆ. ‘ಎ ಕಪ್ ಆಫ್ ಟೀ’ ಎಂಬುದು ‘ಅ ಕಪ್ ಅ ಟೀ’ ಎಂಬಂತೆ ಕೇಳಿಸುತ್ತದೆ. ಹೀಗೆ ಎರಡು ರೂಪಗಳುಳ್ಳ ಪದಗಳು ಸುಮಾರು 40. ಇವು ಅವಿದ್ಯಾವಂತರ ಅಪಭ್ರಂಶಗಳೆಂದು ತಿಳಿಯಲಾಗದು. 1917ರಲ್ಲಿ ಪ್ರಕಟವಾದ ಡೇನಿಯಲ್ ಜೋನ್ಸರ ಉಚ್ಚಾರಣಾ ನಿಘಂಟು ಇವನ್ನು ಶಿಷ್ಟರ ಮಾತಿನ ರೂಪಗಳಾಗಿಯೇ ದಾಖಲಿಸಿತು.

ಕನ್ನಡಿಗನಿಗೆ ಇದೇಕೆ ಕಷ್ಟ? ನಮ್ಮ ಮಾತಿನಲ್ಲಿಯೂ ಕುಗ್ಗುವಿಕೆ ಇಲ್ಲದಿಲ್ಲ. ವಿಶ್ವೇಶ್ವರಪುರದ ಬೀದಿಗಳಲ್ಲಿ ‘ಮನೆಯಲ್ಲಿ ಇದ್ದಾನೆ’ ಎಂದು ಬಿಡಿಬಿಡಿಯಾಗಿ ಹೇಳುವವರು ವಿರಳ. ‘ಮನೇಲಿದಾನೆ’ ಎಂಬುದೇ ರೂಢಿ. ಭೇದವಿರುವುದು ವ್ಯಾಕರಣದ ಕಟ್ಟಿನಲ್ಲಿ. ‘ಬೆಂಗಳೂರಿಗೆ’, ‘ಬೆಂಗಳೂರಿನಿಂದ’ ಎಂಬಲ್ಲಿ ಪ್ರತ್ಯಯವು ಪ್ರಕೃತಿಯೊಡನೆ ಬೆರೆತು ಒಂದೇ ಪದವಾಗುತ್ತದೆ. ಇಂಗ್ಲಿಷಿನ ‘ಟು’, ‘ಫ್ರಾಮ್’ಗಳು ಮಾಡುವುದೂ ಪ್ರತ್ಯಯದ ಕಾರ್ಯವನ್ನೇ, ಆದರೆ ಬರಹದಲ್ಲಿ ಅವು ಬೇರೆಯಾಗಿ, ಪದದ ಮುಂದೆ ನಿಲ್ಲುತ್ತವೆ. ಮುದ್ರಣದ ಆ ತೆರವನ್ನು ಕಂಡು ನಾವು ಪ್ರತ್ಯಯಕ್ಕೂ ಪೂರ್ಣಪದದ ಗೌರವವನ್ನು ಸಲ್ಲಿಸುತ್ತೇವೆ.

ಇದಕ್ಕೆ ಐತಿಹಾಸಿಕ ಕಾರಣವೂ ಉಂಟು. 1858ರಲ್ಲಿ ಬೆಂಗಳೂರು ಹೈಸ್ಕೂಲಾಗಿ ಆರಂಭವಾಗಿ ಮುಂದೆ ಸೆಂಟ್ರಲ್ ಕಾಲೇಜಾದ ಸಂಸ್ಥೆಯು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ, ಮದ್ರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೆ ವಿದ್ಯಾರ್ಥಿಗಳನ್ನು ಸಿದ್ಧಪಡಿಸುತ್ತಿತ್ತು. ಆ ಪದ್ಧತಿಯಲ್ಲಿ ಓದುಬರಹಗಳಿಗೇ ಪ್ರಾಧಾನ್ಯ. ಇಂಗ್ಲಿಷ್ ನಮ್ಮಲ್ಲಿ ಬಹುಮಂದಿಗೆ ಕಣ್ಣಿನ ಮೂಲಕ ಬಂದ ಭಾಷೆ. ಅಧ್ಯಾಪಕರ ತರಬೇತಿಗಾಗಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಬೆಂಗಳೂರಿನಲ್ಲಿ ಸ್ಥಾಪಿತವಾದುದು 1963ರಲ್ಲಿ.

ಕಿರುಪದವು ಎಲ್ಲೆಡೆಯೂ ಕುಗ್ಗುವುದೆಂದು ತಿಳಿಯಬಾರದು. ‘ಐ ಆಮ್ ಫ್ರಮ್ ಬ್ಯಾಂಗಲೋರ್’ ಎಂಬಲ್ಲಿ ಕ್ಷೀಣರೂಪ. ‘ವೇರ್ ಆರ್ ಯು ಫ್ರಾಮ್?’ ಎಂಬಲ್ಲಿ, ವಾಕ್ಯಾಂತ್ಯದಲ್ಲಿರುವುದರಿಂದ, ಪೂರ್ಣರೂಪ. ವಿರೋಧವನ್ನಾಗಲಿ ಅವಧಾರಣೆಯನ್ನಾಗಲಿ ಸೂಚಿಸುವಾಗಲೂ ಪೂರ್ಣರೂಪವೇ ಬರುತ್ತದೆ. ಆದುದರಿಂದಲೇ ಅಸ್ಥಾನದಲ್ಲಿ ಒತ್ತಿದರೆ ಅರ್ಥವೂ ಕೆಡಬಹುದು. ಅಮೆರಿಕದವರ ಮಾತಿನಲ್ಲಿ ‘ಕ್ಯಾನ್ಟ್’ ಎಂಬುದರ ಕೊನೆಯ ಟಕಾರವು ಎಷ್ಟೋ ವೇಳೆ ಸ್ಫುಟವಾಗಿ ಕೇಳಿಸದು. ಸ್ವರದ ಪೂರ್ಣತೆಯೇ ಅಲ್ಲಿ ನಿಷೇಧದ ಮುಖ್ಯ ಗುರುತು. ‘ಐ ಕ್ಯಾನ್ ಕಮ್’ ಎಂದು ನಮ್ಮ ವಿದ್ಯಾರ್ಥಿಯು ದೂರವಾಣಿಯಲ್ಲಿ ಒತ್ತಿ ನುಡಿದರೆ, ‘ಬರಲಾರೆ’ ಎಂದು ಅವರು ಗ್ರಹಿಸುವ ಸಂಭವವುಂಟು.

ಹಾಗಾದರೆ ನಾವೆಲ್ಲರೂ ಆಂಗ್ಲರಂತೆಯೇ ನುಡಿಯಬೇಕೆ? ನಾನಾ ದೇಶದವರು ಪರಸ್ಪರ ಇಂಗ್ಲಿಷಿನಲ್ಲಿ ವ್ಯವಹರಿಸುವಾಗ ಕ್ಷೀಣರೂಪಗಳು ಅನಿವಾರ್ಯವಲ್ಲವೆಂದು ಜೆನ್ನಿಫರ್ ಜೆಂಕಿನ್ಸ್ ಅವರು 2000ದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಈ ವಾದದಲ್ಲಿ ಹುರುಳಿದೆ. ಪೂರ್ಣರೂಪಗಳನ್ನು ನುಡಿದನೆಂಬ ಮಾತ್ರಕ್ಕೆ ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಯನ್ನು ದಡ್ಡನೆಂದು ಎಣಿಸುವುದು ಅನ್ಯಾಯ. ಆದರೆ ನುಡಿಯುವುದು ಬೇರೆ, ಕೇಳಿ ತಿಳಿಯುವುದು ಬೇರೆ. ಉಪನ್ಯಾಸ, ಸಂದರ್ಶನ, ಸಂಭಾಷಣೆಗಳಲ್ಲಿ ಕ್ಷೀಣರೂಪವನ್ನು ಗುರುತಿಸಲಾರದವನು ವಾಕ್ಯದ ಸಂಬಂಧಸೂತ್ರವನ್ನೇ ಕಳೆದುಕೊಳ್ಳುತ್ತಾನೆ.

ಆದಕಾರಣ ಅಧ್ಯಾಪಕರು ಮೊದಲು ಕಿವಿಯನ್ನು ತಿದ್ದುವುದು ಯುಕ್ತ. ಬಿಡಿಪದಗಳಿಗೆ ಬದಲಾಗಿ ‘ಟು ದ ಮಾರ್ಕೆಟ್’ ಎಂಬಂತಹ ಪದಗುಚ್ಛಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಬರೆಯಿಸಬಹುದು. ‘ಮಾರುಕಟ್ಟೆಗೆ’ ಎಂಬಲ್ಲಿಯ ‘ಗೆ’ ಎಷ್ಟು ಹಗುರವೋ ಇಲ್ಲಿಯ ‘ಟು’ ಅಷ್ಟೇ ಹಗುರವೆಂದು ತೋರಿಸಿಕೊಟ್ಟರೆ, ನಮ್ಮ ವ್ಯಾಕರಣಜ್ಞಾನವೇ ಪರಭಾಷೆಯ ಕಲಿಕೆಗೆ ನೆರವಾದೀತು.