ಎಡಕ್ಕೆ ಸರಿಸಿದ ಹೊಟ್ಟೆ, ಅಳೆದ ರಕ್ತ

ತುಂಬು ಬಸುರಿ ಅಂಗಾತ ಮಲಗಬಾರದು, ಎಡಮಗ್ಗುಲಾಗಬೇಕು ಎಂದು ನರ್ಸಮ್ಮ ಹೇಳುವುದಕ್ಕೆ ಕಾರಣವಿದೆ. 20 ವಾರ ದಾಟಿ ಹೊಕ್ಕುಳ ಮಟ್ಟಕ್ಕೆ ಬೆಳೆದ ಗರ್ಭಕೋಶ, ಬೆನ್ನುಮೂಳೆಯ ಮುಂದೆ ಹಾಯುವ ಮಹಾಸಿರೆಯ ಮೇಲೆ ಭಾರ ಹಾಕುತ್ತದೆ. ಕಾಲು, ಕಿಬ್ಬೊಟ್ಟೆಯಿಂದ ಹೃದಯಕ್ಕೆ ಮರಳಬೇಕಾದ ರಕ್ತ ಅಲ್ಲೇ ತಡೆಯುತ್ತದೆ. ಹೃದಯ ಬಡಿಯುತ್ತಿದ್ದರೆ ತಲೆಸುತ್ತಿನಲ್ಲಿ ಮುಗಿದೀತು. ಹೃದಯವೇ ನಿಂತರೆ? ಎದೆ ಎಷ್ಟು ಒತ್ತಿದರೂ ಒಳಗೆ ರಕ್ತವಿದ್ದರಲ್ಲವೇ ಹೊರಗೆ ಹೋಗುವುದು!

ಹಾಗಾಗಿ ಒಬ್ಬರು ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುತ್ತಿರುವಾಗ, ಇನ್ನೊಬ್ಬರು ಆಕೆಯ ಎಡಬದಿಗೆ ನಿಂತು ಎರಡೂ ಕೈಯಿಂದ ಹೊಟ್ಟೆಯನ್ನು ಮೇಲಕ್ಕೆತ್ತಿದಂತೆ ತಮ್ಮತ್ತ ಎಳೆದು ಹಿಡಿಯಬೇಕು. ಕೆಳಕ್ಕೆ ಅದುಮಬಾರದು. ಬಡಿತ ಮರಳದಿದ್ದರೆ, ಮಲಗಿದ ಜಾಗದಲ್ಲೇ ಸಿಜೇರಿಯನ್ ಮಾಡಿ ಐದು ನಿಮಿಷದೊಳಗೆ ಮಗುವನ್ನು ಹೊರತೆಗೆಯಬೇಕು. ಥಿಯೇಟರಿಗೆ ಸಾಗಿಸುತ್ತ ಕೂರುವಂತಿಲ್ಲ.

ತಾಯಿಯ ಆಸೆ ಬಿಟ್ಟು ಮಗುವನ್ನು ಉಳಿಸಿಕೊಳ್ಳುತ್ತಿದ್ದಾರೆ ಎಂದು ಮನೆಯವರಿಗೆ ಅನ್ನಿಸಬಹುದು. ಆದರೆ ಇದು ತಾಯಿಗಾಗಿಯೂ ಮಾಡುವ ಚಿಕಿತ್ಸೆಯೇ. 1986ರಲ್ಲಿ ಅಮೆರಿಕದ ವೈದ್ಯ ಕಾಟ್ಜ್ ಮತ್ತು ಸಂಗಡಿಗರು ಈ ಗಡುವನ್ನು ಸೂಚಿಸಿದ್ದರು. 2005ರಲ್ಲಿ ಹಳೆಯ ಪ್ರಕರಣಗಳನ್ನು ಮತ್ತೆ ತೆಗೆದು ನೋಡಿದಾಗ, ಮಗು ಹೊರಬಂದ ಕೂಡಲೇ ಹಲವು ತಾಯಂದಿರ ನಾಡಿ, ಬಿಪಿ ಮರಳಿದ್ದು ಕಂಡುಬಂತು.

ಕೊಂಡಜ್ಜಿಯ ಕೆರೆ ದಂಡೆಯಿಂದ ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಾಗಲಿ ಬಾಪೂಜಿ ಆಸ್ಪತ್ರೆಯಾಗಲಿ ಐದು ನಿಮಿಷದ ದಾರಿಯಲ್ಲ. 108 ಆಂಬುಲೆನ್ಸ್ ಎಷ್ಟೇ ಬೇಗ ಬಂದರೂ ಅಷ್ಟೇ. ಇಂಥ ಊರುಗಳ ಹೆಣ್ಣುಮಕ್ಕಳನ್ನು ಉಳಿಸುವುದು ಹೃದಯ ನಿಲ್ಲುವುದಕ್ಕೆ ಮುಂಚಿನ ಗಂಟೆಗಳು. ಬಹುಪಾಲು ಬಾಣಂತಿಯರು ರಕ್ತಸ್ರಾವ, ಏರಿದ ಬಿಪಿ, ನಂಜು ಇವುಗಳಿಂದಲೇ ಆ ಹಂತಕ್ಕೆ ಜಾರುತ್ತಾರೆ. 2018-20ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ತೀರಿಕೊಂಡರು. ಪಕ್ಕದ ಕೇರಳದಲ್ಲಿ 19. ಈ ಅಂತರವನ್ನು ಹಣೆಬರಹ ಎಂದು ಒಪ್ಪಲಾಗದು.

ರಕ್ತಸ್ರಾವ ತಗ್ಗಿಸುವ ದಾರಿ ತೋರಿಸಿದ್ದು ನಮ್ಮದೇ ಬೆಳಗಾವಿ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಹಳ್ಳಿಗಳಲ್ಲಿ 1,620 ಹೆರಿಗೆಗಳ ಅಧ್ಯಯನ ನಡೆಸಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಹೆರಿಗೆಯಾದೊಡನೆ ಎಎನ್‌ಎಂ ಸಿಸ್ಟರ್‌ಗಳು ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದ ತಾಯಂದಿರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ರಕ್ತವನ್ನು ಕಣ್ಣಂದಾಜಿನಲ್ಲಿ ಬಿಡದೆ, ಬಾಣಂತಿಯ ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಚೀಲದಲ್ಲಿ ಹಿಡಿದು, ಅದರ ಮೇಲಿನ ಗೆರೆ ನೋಡಿ ಅಳೆದರು. ಬಟ್ಟೆ, ಹಾಸಿಗೆಯಲ್ಲಿ ಇಂಗಿದ ರಕ್ತ ಸಾಮಾನ್ಯವಾಗಿ ಇದ್ದದ್ದಕ್ಕಿಂತ ಕಡಿಮೆಯಾಗಿ ಕಾಣುತ್ತದೆ.

2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ತಾಯಂದಿರ ಮೇಲೆ ನಡೆದ ಇ-ಮೋಟಿವ್ ಅಧ್ಯಯನ ಪ್ರಕಟವಾಯಿತು. ಗೆರೆ ಹಾಕಿದ ಅಂಥದೇ ಹಾಳೆಯಿಂದ ಸ್ರಾವವನ್ನು ಬೇಗ ಗುರುತಿಸಿ, ಹೊಟ್ಟೆ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆ್ಯಸಿಡ್, ಡ್ರಿಪ್, ತಪಾಸಣೆಗಳನ್ನು ಒಂದಾದ ಮೇಲೊಂದಕ್ಕೆ ಕಾಯದೆ ಒಟ್ಟಿಗೇ ಶುರು ಮಾಡಿದ ಆಸ್ಪತ್ರೆಗಳಲ್ಲಿ, ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ, ಸಾವು ಒಟ್ಟಾರೆ ಶೇ. 60ರಷ್ಟು ತಗ್ಗಿದವು.