ಸಂಶೋಧನೆ ಹಳ್ಳಿಯ ಮನೆಬಾಗಿಲಿಗೆ ಬರಲಿ

ಹೊಸ ಚಿಕಿತ್ಸೆಯ ಕ್ಲಿನಿಕಲ್ ಟ್ರಯಲ್ ನಡೆಯುವುದು ಬಹುಮಟ್ಟಿಗೆ ನಗರದ ದೊಡ್ಡಾಸ್ಪತ್ರೆಗಳಲ್ಲಿ. ಪದೇ ಪದೇ ತಪಾಸಣೆಗೆ ಬರಬೇಕೆಂದರೆ ಹಳ್ಳಿಯ ಕೂಲಿಕಾರರಿಗೆ ಬಸ್ ಚಾರ್ಜೂ ಹೊರೆ, ಅಂದಿನ ಕೂಲಿಯೂ ಖೋತಾ. ಹಾಗಾಗಿ ಅವರು ಹೊರಗೇ ಉಳಿಯುತ್ತಾರೆ. ಅವರ ಊಟ, ದುಡಿಮೆ, ದೇಹಸ್ಥಿತಿ ಲೆಕ್ಕಕ್ಕೆ ಬಾರದೆ ತಯಾರಾದ ಚಿಕಿತ್ಸೆಯೇ ನಾಳೆ ಅವರ ಪಾಲಿಗೂ ಬರುತ್ತದೆ.

ಸಂಶೋಧನೆಯೇ ಹಳ್ಳಿಗೆ ಹೋದರೆ ಏನಾಗುತ್ತದೆಂದು ಜಾರ್ಖಂಡಿನ ‘ರೇಷನ್ಸ್’ ಅಧ್ಯಯನ ತೋರಿಸಿಕೊಟ್ಟಿದೆ. ಅದನ್ನು ಮುನ್ನಡೆಸಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಒಳ್ಳೆಯ ಊಟ ಕ್ಷಯರೋಗವನ್ನು ತಡೆಯಬಲ್ಲದೇ ಎಂಬುದು ಅವರ ಪ್ರಶ್ನೆ. 2019ರಲ್ಲಿ ಶುರುವಾದ ಅಧ್ಯಯನಕ್ಕೆ 4 ಜಿಲ್ಲೆಗಳ 2,800 ರೋಗಿಗಳು, ಅವರ ಮನೆಗಳ 10,345 ಮಂದಿ ಸೇರಿದರು. ರೋಗಿಗಳಿಗೆಲ್ಲ ಔಷಧದ ಜೊತೆ ತಿಂಗಳಿಗೆ 10 ಕೆ.ಜಿ. ಆಹಾರ ಸಿಕ್ಕಿತು. ಸುಮಾರು ಅರ್ಧದಷ್ಟು ಮನೆಗಳಲ್ಲಿ ಉಳಿದವರಿಗೂ ತಲಾ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲುವುದು ಶೇ 39ರಷ್ಟು ಇಳಿಯಿತು. 2023ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಈ ಫಲಿತಾಂಶವನ್ನು ಪ್ರಕಟಿಸಿತು. ಬಡವರ ಅಡುಗೆಮನೆಯವರೆಗೆ ಹೋದದ್ದರಿಂದಲೇ ಸಿಕ್ಕ ಉತ್ತರವಿದು.

ನಮ್ಮಲ್ಲೂ ಇಂಥ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದವರ ನೆನಪು, ಆರೋಗ್ಯಗಳನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಶಾಲೆಯ ಮೆಟ್ಟಿಲು ಹತ್ತದವರೂ ಅದರಲ್ಲಿದ್ದಾರೆ.

ಆದರೆ ಹಳ್ಳಿಗೆ ಹೋದ ಮಾತ್ರಕ್ಕೆ ನಂಬಿಕೆ ಹುಟ್ಟುವುದಿಲ್ಲ. ಅಂದಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಸಂಶೋಧನಾ ಯೋಜನೆಯೊಂದರಡಿ ಬಾಲಕಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದಾಗ ಎಷ್ಟೋ ಒಪ್ಪಿಗೆ ಪತ್ರಗಳಿಗೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್‌ಗಳು. 2010ರಲ್ಲಿ ಆ ಯೋಜನೆಯನ್ನೇ ನಿಲ್ಲಿಸಬೇಕಾಯಿತು. ಓದು ಬಾರದವರ ಒಪ್ಪಿಗೆ ಪಡೆಯುವಾಗ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಲೇಬೇಕು, ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು ಎನ್ನುತ್ತವೆ ಕ್ಲಿನಿಕಲ್ ಟ್ರಯಲ್‌ಗಳ ಕುರಿತ 2019ರ ನಿಯಮಗಳು. ಹೆಬ್ಬೆಟ್ಟು ಒತ್ತುವ ಮುನ್ನ ಇದೆಲ್ಲ ಅವರದೇ ಮಾತಿನಲ್ಲಿ ಅವರಿಗೆ ತಿಳಿಯಬೇಕು. ಬೇಡ ಎನ್ನಲು ಹಿಂಜರಿಕೆ ಇರಬಾರದು.

ತಾಲ್ಲೂಕು ಆಸ್ಪತ್ರೆಗಳಲ್ಲೇ ತಪಾಸಣೆ ನಡೆಯಲಿ. ಬಸ್ ಚಾರ್ಜು, ಕಳೆದ ಕೂಲಿ ಎರಡನ್ನೂ ಸಂಶೋಧನೆಯ ಖರ್ಚಿಗೇ ಸೇರಿಸಲಿ. ಫಲಿತಾಂಶವನ್ನು ಅದೇ ಊರಿನ ಗ್ರಾಮಸಭೆಯಲ್ಲಿ ವಿವರಿಸಲಿ. ರಕ್ತ ಕೊಟ್ಟು, ಸಮಯ ಕೊಟ್ಟು ಸಹಕರಿಸಿದವರಿಗೆ ಅದರ ಫಲವೇನೆಂದು ಮೊದಲು ತಿಳಿಯುವ ಹಕ್ಕಿದೆ.